ಮೂರಕ್ಷರದ ಗೋರಂಟಿ

ರೂಲ್ಸು ಮೊದಲೇ ಓದಿ ಹೇಳಿದ್ದರಂತೆ ಕ್ಯಾಂಪಿನಲ್ಲಿ:
ಕಪ್ಪು ಪಟ್ಟಿ ಕೂಡದು, ಮುಷ್ಟಿ ಎತ್ತಕೂಡದು,
ಮಂಡಿ ಊರಕೂಡದು, ಬನಿಯನ್ನಿನ ಮೇಲೆ ಬರಹ ಕೂಡದು.
ಕ್ರೀಡೆಯಲ್ಲಿ ರಾಜಕೀಯ ಬೇಡ ಎಂದು ಸಹಿ ಹಾಕಿದವರು
ಮೂರು ಸಲ ಶಾಸಕರು, ಈಗ ಸಂಘದ ಅಧ್ಯಕ್ಷರು.

ಶೂಸಿನ ಅಡಿ ತಿರುಗಿಸಿ ನೋಡಿದರು.
ಜಡೆಯ ರಬ್ಬರ್ ಬ್ಯಾಂಡಿನ ಬಣ್ಣ ಬರೆದುಕೊಂಡರು.
ಅಂಗೈ ಯಾರೂ ನೋಡಲಿಲ್ಲ.

ನೂರು ಮೀಟರಿನ ರಿಲೇಯಲ್ಲಿ
ಅಂಗೈ ಹಿಂದಕ್ಕೆ ಚಾಚಿಕೊಂಡು
ಕಣ್ಣಿಲ್ಲದೆ ಕಾಯುತ್ತೆ.
ನಮ್ಮ ನಗೀನಾ ಮೂರನೆಯವಳು, ತಿರುವಿನಲ್ಲಿ ಓಡೋಳು.
ಅವಳ ಕೈಗೆ ಕೋಲು ಇಡಬೇಕಿದ್ದವಳು ಚಿಂತಾಮಣಿಯ ಪಾವನಿ.
ಪಾವನಿ ಕೋಚ್ ಮೇಲೆ ಕಂಪ್ಲೇಂಟ್ ಬರೆದು ಕೊಟ್ಟಳು.
ವಾರದೊಳಗೆ ಪಾವನಿಗೆ ತೊಡೆ ನೋವು ಬಂತು,
ಬಂದದ್ದು ಕಾಗದದಲ್ಲಿ.
ಹಿಂದಕ್ಕೆ ಕಳಿಸಿದ ಮೂರನೇ ದಿನ ನಮ್ಮೂರ ಕೆರೆ ಏರಿ ಮೇಲೆ
ಅದೇ ತೊಡೆಯಲ್ಲಿ ಹನ್ನೆರಡು ಸಲ ಓಡಿದಳು.
ನಾನೇ ಎಣಿಸಿದ್ದು.

ಗೋರಂಟಿ ಕೋನು ನಾನು ಕಳಿಸಿದ್ದೆ,
ಹಬ್ಬಕ್ಕೆ ಹಚ್ಚಿಕೋ ಅಂತ. ಇಪ್ಪತ್ತು ರೂಪಾಯಿದು.
ಹೂಬಳ್ಳಿ ಬಿಡಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ.

ಶಿಡ್ಲಘಟ್ಟದಲ್ಲಿ ಆಗ ರಾತ್ರಿ ಪಾಳಿ.
ಬೇಸಿನ್ನಿನಲ್ಲಿ ಗೂಡು ಕುದಿಯುತ್ತಿದ್ದವು,
ಹುಸೇನ್‌ಬಿ ಫೋನನ್ನು ರಾಟೆಗೆ ಒರಗಿಸಿ ಇಟ್ಟಿದ್ದಳು.
ಕಂಚು. ಮೂರನೇ ಮೆಟ್ಟಿಲು.
ಮೂವರು ಕೈ ಬೀಸಿದರು. ನಗೀನಾ ಬೀಸಲಿಲ್ಲ.
ಬಲಗೈ ಬಿಡಿಸಿ ಹಿಡಿದಳು
ಅಲೆಯುವ ಕ್ಯಾಮೆರಾ ನಿಂತು, ಹತ್ತಿರ ಬರುವ ತನಕ.

ಪ್ರಾರ್ಥನೆ ಇರಬೇಕು, ಅಂದ ಕಾಮೆಂಟ್ರಿಯವನು.
ಇನ್ನೊಬ್ಬ, ಅವರ ಕಡೆಯ ಮದುವೆ ಶಾಸ್ತ್ರ ಅಂದ.
ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ
ಆ ಮೂರಕ್ಷರ ಓದಬಲ್ಲವರು ಎಷ್ಟು ಮಂದಿಯೋ.
ಕೋಚ್ ಓದಿದ.
ಹುಸೇನ್‌ಬಿಗೆ ಓದು ಬಾರದು, ಏನು ಬರೆದೈತೆ ಅಂದಳು.
ಪಾ ಅಂದೆ, ವ ಅಂದೆ,
ನಿ ಅನ್ನುವಷ್ಟರಲ್ಲಿ ನನ್ನ ಎಳೆ ಕಡಿದಿತ್ತು.

ತೊಳಿ ಅಂದರಂತೆ. ಸೋಪು ಕೊಟ್ಟರಂತೆ, ಸ್ಪಿರಿಟ್ ಕೊಟ್ಟರಂತೆ.
ಗೋರಂಟಿ ತಾನಾಗಿ ಹೋಗಬೇಕು, ಚರ್ಮದ ಜೊತೆ.
ಅಷ್ಟೂ ಗೊತ್ತಿಲ್ಲದ ಜನ.

ಗೂಡಿನ ಮಾರುಕಟ್ಟೆಯ ಗೇಟಿಗೆ ಫ್ಲೆಕ್ಸ್ ಬಂತು.
ಸುತ್ತ ಹನ್ನೊಂದು ಮುಖಂಡರು, ನಡುವೆ ನಗೀನಾ, ಎತ್ತಿದ ಕೈ.
ಕೈಯಲ್ಲಿ ಏನೂ ಇಲ್ಲ,
ಒಂದು ಗೆರೆಯೂ ಇಲ್ಲ, ಆಯುಷ್ಯದ್ದೂ.
ಅಂಗಡಿಯ ಹುಡುಗನನ್ನು ಕೇಳಿದೆ.
ಹೆಸರು ತೆಗಿ ಅಂದ್ರು ಅಕ್ಕಾ,
ತೆಗೆಯೋವಾಗ ಅದೂ ಹೋಯ್ತು.

ವಿಚಾರಣೆ ಹತ್ತೊಂಬತ್ತನೇ ದಿನ.
ಐದು ಜನ, ಒಂದು ತಟ್ಟೆ ಬಿಸ್ಕತ್ತು.
ಕೈ ತೋರಿಸು ಅಂದರು. ತೋರಿಸಿದಳು. ಬಣ್ಣ ಹೋಗಿತ್ತು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ;
ಕನ್ನಡಿ ಅಲ್ಲ ಅವರಿಗೆ ಬೇಕಿದ್ದದ್ದು.
ವಿಷಾದ ಇದೆಯಾ ಅಂದರಂತೆ.
ಎಡಗೈಲಿ ಬರೆದೆ ಸಾರ್, ಅಕ್ಷರ ಸೊಟ್ಟಗಾಯ್ತು,
ಅದಕ್ಕೆ ಇದೆ, ಅಂದಳಂತೆ.
ಎರಡು ವರ್ಷ ಓಡುವ ಹಾಗಿಲ್ಲ.

ಮನೆಯಲ್ಲಿ ಪದಕದ ಪಟ್ಟಿಯಿಂದ ಒಂದು ನೂಲು ಎಳೆದು
ಕಡ್ಡಿ ಗೀರಿದೆ, ಹಾಳು ರೀಲರ್ ಬುದ್ಧಿ.
ಕೂದಲು ಸುಟ್ಟ ವಾಸನೆ ಬರಲಿಲ್ಲ.
ಕರಗಿ, ಕಪ್ಪು ಮಣಿಯಾಗಿ, ಗಟ್ಟಿಯಾಯ್ತು.
ಪಾಲಿಯೆಸ್ಟರ್, ಅಂದೆ.
ನಕ್ಕಳು, ಬಹಳ ದಿನಕ್ಕೆ.

ಉಳಿದ ಕೋನಿನಲ್ಲಿ ನನ್ನ ಕೈಗೂ ಬರೆದಳು.
ಬಿಸಿನೀರಿಗೆ ಬೆಂದು ಸುಲಿಯೋ ಅಂಗೈ,
ಎರಡೇ ದಿನ ನಿಂತಿತು.
ಯಾರ ಹೆಸರು ಬರೆಸಿಕೊಂಡೆ ಅನ್ನೋದು ಬೇಡ.

ಶುಕ್ರವಾರ ಪಾವನಿ ಬಸ್ಸಿಳಿದು ಬಂದಳು.
ಆ ಮಾತು ಯಾರೂ ಎತ್ತಲಿಲ್ಲ.
ಮುದ್ದೆ ಉಂಡಳು, ಇನ್ನಷ್ಟು ಸಾರು ಕೇಳಿದಳು,
ಬಾಗಿಲ ಹಿಂದಿನ ಸ್ಪೈಕ್ ಶೂಸ್ ನೋಡಿ
ಎಷ್ಟು ನಂಬರ್ ಅಂದಳು.
ಆರು.
ನಂದು ಐದು. ಬಟ್ಟೆ ತುರುಕಿದರೆ ಆಗುತ್ತೆ.

ಏರಿ ಮೇಲೆ ಹೊರಟರು. ಕೋಲು ಇರಲಿಲ್ಲ.
ಹಳೇ ರಾಟೆಯ ಕದಿರು ಹುಡುಕಿ ಕೊಟ್ಟು
ಒಲೆ ನೋಡೋಕೆ ನಾನು ಒಳಗೆ ಬಂದೆ.